ಟೆರೇಸ್ ಮೇಲಿನ ಹಳೇ ಮರದ ಡೆಕ್: ವಾರ್ನಿಷ್ ಬಿಡಿಸಿ ಎಣ್ಣೆ ಹಾಕುವ ಕೆಲಸ

ಪ್ರಶ್ನೆ: ಬೆಂಗಳೂರಿನ ಬನಶಂಕರಿಯಲ್ಲಿ ನಮ್ಮ ಮನೆ. ಟೆರೇಸ್ ಮೇಲೆ 15 ಅಡಿ ಉದ್ದ, 10 ಅಡಿ ಅಗಲದ ಮರದ ಡೆಕ್ ಇದೆ. ಹಾಕಿಸಿ ಒಂಬತ್ತು ವರ್ಷವಾಯಿತು. ಸಾಗುವಾನಿ ಎಂದು ಹೇಳಿ ಹಾಕಿಕೊಟ್ಟಿದ್ದರು. ಹಲಗೆ ಒಂದಿಂಚು ದಪ್ಪ, ನಾಲ್ಕಿಂಚು ಅಗಲ. ಎರಡು ಸಲ ವಾರ್ನಿಷ್ ಮಾಡಿಸಿದೆವು, ಎರಡೂ ಸಲ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಸಿಪ್ಪೆ ಸಿಪ್ಪೆಯಾಗಿ ಎದ್ದಿತು. ಈಗ ಅರ್ಧ ಭಾಗ ಬೂದು ಬಣ್ಣಕ್ಕೆ ತಿರುಗಿದೆ. ಸ್ಕ್ರೂಗಳ ಸುತ್ತ ಕಪ್ಪು ಕಲೆ, ಸೋಲಾರ್ ಟ್ಯಾಂಕ್ ಪಕ್ಕದ ಮೂಲೆ ಪೂರ್ತಿ ಕಪ್ಪು. ಮೂರ್ನಾಲ್ಕು ಹಲಗೆ ಅಲುಗಾಡುತ್ತವೆ. ‘ಉಜ್ಜಿ ಒಂದು ಕೋಟ್ ಪಿಯು (ಪಾಲಿಯುರೆಥೇನ್ ಲೇಪ) ಹೊಡೆದರೆ ಹತ್ತು ವರ್ಷ ತಿರುಗಿ ನೋಡೋ ಹಾಗಿಲ್ಲ’ ಎನ್ನುತ್ತಾರೆ ಪೇಂಟರ್. ಇದನ್ನು ನಾವೇ ಮಾಡಿಕೊಳ್ಳಬಹುದೇ? ಏನು ಹಚ್ಚಬೇಕು?

ಉತ್ತರ: ಧಾರಾಳವಾಗಿ ಮಾಡಿಕೊಳ್ಳಬಹುದು. 150 ಚದರಡಿ ಡೆಕ್ ಇಬ್ಬರು ಸೇರಿದರೆ ಎರಡು ಶನಿವಾರ-ಭಾನುವಾರಗಳ ಕೆಲಸ. ನಡುವೆ ಒಣಗಲು ಬಿಡುವ ದಿನಗಳು ಬೇರೆ. ಆದರೆ ಪಿಯು ಬೇಡ, ವಾರ್ನಿಷ್ ಬೇಡ, ಮೆಲಮೈನ್ ಪಾಲಿಶ್ ಅಂತೂ ಬೇಡವೇ ಬೇಡ. ಮಳೆ ಬಿಸಿಲಿಗೆ ಬಿದ್ದುಕೊಂಡು, ಜನ ಓಡಾಡುವ ಮರದ ನೆಲದ ಮೇಲೆ ಪೊರೆ ಕಟ್ಟುವ ಯಾವ ಲೇಪವೂ ಬಾಳುವುದಿಲ್ಲ. ಮರದೊಳಕ್ಕೆ ಇಂಗುವ ಡೆಕ್ ಆಯಿಲ್ ಹಾಕಿ. ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕು ಎನ್ನುವುದು ಅದರ ಕೊರತೆ. ಹಾಗೆ ಹಚ್ಚುವಾಗ ಏನನ್ನೂ ಕೆರೆಯಬೇಕಿಲ್ಲ ಎನ್ನುವುದು ಅದರ ದೊಡ್ಡ ಗುಣ.

ವಾರ್ನಿಷ್ ಯಾಕೆ ಎದ್ದಿತು ಎಂದು ತಿಳಿಯಬೇಕಾದರೆ, ಎದ್ದಿರುವ ಒಂದು ಸಿಪ್ಪೆಯನ್ನು ಉಗುರಿನಲ್ಲಿ ಕಿತ್ತು ಹಿಂಬದಿ ನೋಡಿ. ಸಣ್ಣ ಸಣ್ಣ ಬೂದು ನಾರು ಅದಕ್ಕೆ ಅಂಟಿಕೊಂಡು ಬಂದಿರುತ್ತದೆ. ವಾರ್ನಿಷ್ ಕೆಳಗಿದ್ದ ಮರದ ಮೇಲ್ಪದರವೇ ಸಡಿಲವಾಗಿ ಕಿತ್ತು ಬಂದಿದೆ ಎಂದರ್ಥ. ಮರದ ನಾರುಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಟು ಲಿಗ್ನಿನ್. ಬಿಸಿಲಿನ ನೇರಳಾತೀತ ಕಿರಣ ಪಾರದರ್ಶಕ ವಾರ್ನಿಷನ್ನು ದಾಟಿ ಹೋಗಿ ಈ ಲಿಗ್ನಿನ್ ಅನ್ನು ಒಡೆಯುತ್ತದೆ. ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಹವೆ ತಂಪೆನಿಸಿದರೂ ಆ ಕಿರಣದ ಹೊಡೆತ ಕಡಿಮೆಯೇನಲ್ಲ. ಇದರ ಜೊತೆಗೆ ನಾಲ್ಕಿಂಚಿನ ಹಲಗೆ ಮಳೆಗಾಲಕ್ಕೂ ಬೇಸಿಗೆಗೂ ನಡುವೆ ಅಗಲದಲ್ಲಿ ಒಂದು ಮಿಲಿಮೀಟರಿಗಿಂತ ಹೆಚ್ಚು ಹಿಗ್ಗಿ ಕುಗ್ಗುತ್ತದೆ. ಬಿಸಿಲಿಗೆ ಪೆಡಸಾದ ವಾರ್ನಿಷ್ ಅಷ್ಟು ಹಿಗ್ಗಲಾರದೆ ಸ್ಕ್ರೂ ತಲೆಯ ಸುತ್ತ, ಹಲಗೆಯ ತುದಿಯಲ್ಲಿ, ಗಂಟುಗಳ ಬಳಿ ಕೂದಲೆಳೆಯಷ್ಟು ಬಿರಿಯುತ್ತದೆ. ಅಲ್ಲಿಂದ ನೀರು ಒಳಗೆ ಹೋಗುತ್ತದೆ, ಹೊರಬರಲು ದಾರಿಯಿರುವುದಿಲ್ಲ. ನಿಮ್ಮ ಡೆಕ್‌ನಲ್ಲಿ ಎರಡು ಸಲವೂ ನಡೆದದ್ದು ಇದೇ.

ಪಿಯು ಕೆಟ್ಟ ವಸ್ತುವೇನಲ್ಲ. ಪೋರ್ಟಿಕೋ ಅಡಿಯ ಮುಂಬಾಗಿಲಿಗೆ, ಒಳಗಿನ ಮೆಟ್ಟಿಲಿಗೆ ಅದು ಚೆನ್ನಾಗಿ ಬಾಳುತ್ತದೆ. ಡೆಕ್ ಮೇಲೆ ಮಾತ್ರ ಅದೂ ವಾರ್ನಿಷ್ ದಾರಿಯನ್ನೇ ಹಿಡಿಯುತ್ತದೆ, ಬೇಕಾದರೆ ಸ್ವಲ್ಪ ತಡವಾಗಿ. ಆಮೇಲೆ ಆ ಗಟ್ಟಿ ಪೊರೆಯನ್ನು ಕೆರೆದು ತೆಗೆಯುವವರು ನೀವು. ಸಾಗುವಾನಿಯಲ್ಲಿ ಸಹಜವಾಗಿಯೇ ಎಣ್ಣೆಯ ಅಂಶ ಹೆಚ್ಚು, ಅದು ಇಂಥ ಪೊರೆಗಳ ಹಿಡಿತವನ್ನು ಇನ್ನಷ್ಟು ಸಡಿಲಿಸುತ್ತದೆ. ಮೆಲಮೈನ್ ಇರುವುದು ಮನೆಯೊಳಗಿನ ಪೀಠೋಪಕರಣಕ್ಕೆ. ಅರಗಿನ ಫ್ರೆಂಚ್ ಪಾಲಿಶ್ ನೀರು ನಿಂತ ಕಡೆ ಬೆಳ್ಳಗಾಗುತ್ತದೆ.

ಇನ್ನೊಂದು ದಾರಿಯನ್ನೂ ಹೇಳಿಬಿಡಬೇಕು: ಏನನ್ನೂ ಹಚ್ಚದೆ ಬಿಡುವುದು. ನಿಜವಾದ ಸಾಗುವಾನಿಯ ಕೆಚ್ಚು ಹಾಗೆಯೇ ಬೂದು ಬಣ್ಣಕ್ಕೆ ತಿರುಗಿ ಬಹಳ ವರ್ಷ ಬಾಳುತ್ತದೆ. ಆ ಬೂದು ಪದರ ಮಿಲಿಮೀಟರಿನ ಒಂದು ಸಣ್ಣ ಪಾಲಷ್ಟೇ. ಬಣ್ಣದ ಆಸೆಯಿಲ್ಲದಿದ್ದರೆ ಹಳೇ ವಾರ್ನಿಷ್ ತೆಗೆದು, ಸ್ಕ್ರೂ ಬದಲಿಸಿ, ವರ್ಷಕ್ಕೊಮ್ಮೆ ತೊಳೆದುಕೊಂಡು ಇರಬಹುದು. ಮರ ಸಾಗುವಾನಿ ಅಲ್ಲದಿದ್ದರೆ ಈ ದಾರಿ ಸಲ್ಲದು.

ಹಾಗಾಗಿ ಮೊದಲು ಮರ ಯಾವುದೆಂದು ನೋಡಿಕೊಳ್ಳಿ. ಹಲಗೆಯ ಅಂಚನ್ನು ಒಂದಿಷ್ಟು ಉಜ್ಜಿ. ಸಾಗುವಾನಿಯಾದರೆ ಹೊಂಬಣ್ಣದ ಕಂದು ಕಾಣುತ್ತದೆ, ಚರ್ಮದ ಅಂಗಡಿಯಂಥ ವಾಸನೆ ಬರುತ್ತದೆ, ಮುಟ್ಟಿದರೆ ಜಿಡ್ಡು ಜಿಡ್ಡು. ಒಂದೇ ಹಲಗೆಯ ಅಂಚಿನಲ್ಲಿ ತಿಳಿ ಬಿಳಿಯ ಪಟ್ಟಿ ಕಂಡರೆ ಅದು ಮರದ ಹೊರಭಾಗ. ಸಾಗುವಾನಿಯೇ ಆದರೂ ಆ ಬಿಳಿ ಭಾಗಕ್ಕೆ ಕೊಳೆಯನ್ನೂ ಹುಳುವನ್ನೂ ತಡೆಯುವ ಶಕ್ತಿಯಿಲ್ಲ. ಒದ್ದೆ ಮಾಡಿದಾಗ ಹಳದಿ-ಕೆಂಪು ಬಣ್ಣ ಬಿಟ್ಟರೆ ಹೊನ್ನೆ ಇರಬಹುದು. ಹೊನ್ನೆಯೂ ಒಳ್ಳೆಯ ಮರ, ಆದರೆ ಆ ನೀರು ಪಕ್ಕದ ಗೋಡೆಗೆ ಹರಿದರೆ ಕಲೆ ಉಳಿಯುತ್ತದೆ. ಹಲಗೆಯ ತುದಿಯಲ್ಲಿ ಎಳೆಯೇ ಕಾಣದೆ ಒತ್ತಿದ ಪುಡಿಯ ಹಾಗೆ ಕಂಡರೆ ಅದು ಮರದ ಪುಡಿಗೆ ಪ್ಲಾಸ್ಟಿಕ್ ಬೆರೆಸಿ ಮಾಡಿದ ಡಬ್ಲ್ಯೂಪಿಸಿ, ಅದಕ್ಕೆ ಈ ಕೆಲಸ ಯಾವುದೂ ಬೇಡ. ಖಚಿತವಾಗಿ ತಿಳಿಯಬೇಕಿದ್ದರೆ ಮಲ್ಲೇಶ್ವರಂ 18ನೇ ಕ್ರಾಸ್‌ನಲ್ಲಿರುವ ಮರ ವಿಜ್ಞಾನ ಸಂಸ್ಥೆಯಲ್ಲಿ, ಎಲ್ಲರೂ ಐಡಬ್ಲ್ಯೂಎಸ್‌ಟಿ ಎನ್ನುವ ಕಡೆ, ತುಂಡು ಕೊಟ್ಟು ಗುರುತಿಸಿಕೊಳ್ಳಬಹುದು.

ಈಗ ಆ ಕಪ್ಪು ಮೂಲೆ. ಯಾವ ಎಣ್ಣೆ ಎನ್ನುವುದಕ್ಕಿಂತ ಮುಖ್ಯವಾದ ಪ್ರಶ್ನೆ ಅದು. ಒಂದು ಮೂಲೆ ಮಾತ್ರ ಪೂರ್ತಿ ಕಪ್ಪಾಗಿದ್ದರೆ ಅಲ್ಲಿಗೆ ಮಳೆಯಲ್ಲದೆ ಬೇರೆ ನೀರೂ ಬೀಳುತ್ತಿದೆ. ಸೋಲಾರ್ ಟ್ಯಾಂಕಿನ ವೆಂಟ್ ಪೈಪ್ ನೋಡಿ. ನೀರು ಕಾದು ಹಿಗ್ಗಿದಾಗ ಅಲ್ಲಿಂದ ತೊಟ್ಟಿಕ್ಕುವುದು ಸಾಮಾನ್ಯ, ಮಧ್ಯಾಹ್ನ ಎರಡು ಮೂರು ಗಂಟೆಗೆ ಹೋಗಿ ನಿಂತರೆ ಕಾಣುತ್ತದೆ. ಜಾಯಿಂಟ್ ಸೋರಿಕೆ, ಓವರ್‌ಹೆಡ್ ಟ್ಯಾಂಕ್ ತುಂಬಿ ಚೆಲ್ಲುವುದು, ಕೆಳಗಿಟ್ಟ ಹೂಕುಂಡ, ಎಲ್ಲವನ್ನೂ ನೋಡಿ. ವೆಂಟ್ ಪೈಪಿಗೆ ಒಂದು ಎಲ್ಬೋ ಹಾಕಿ ಡೆಕ್‌ನಿಂದಾಚೆ ಬೀಳುವಂತೆ ತಿರುಗಿಸಿದರೂ ಸಾಕು. ಆದರೆ ಆ ಪೈಪಿನ ಬಾಯಿಯನ್ನು ಯಾವ ಕಾರಣಕ್ಕೂ ಮುಚ್ಚಬೇಡಿ, ಟ್ಯಾಂಕ್ ಒಡೆಯುತ್ತದೆ.

ಆಮೇಲೆ ಡೆಕ್‌ನ ಎತ್ತರದ ಬದಿಯಿಂದ ಎರಡು ಬಕೆಟ್ ನೀರು ಸುರಿದು, ಮಳೆನೀರಿನ ಪೈಪಿನ ಬಾಯಿಗೆ ಎಷ್ಟು ಹೊತ್ತಿಗೆ ಬರುತ್ತದೆ ನೋಡಿ. ಬರಲೇ ಇಲ್ಲವೆಂದರೆ ಹಲಗೆಗಳನ್ನು ಹೊತ್ತ ಅಡಿಪಟ್ಟಿಗಳಾದ ರೀಪರ್‌ಗಳು ಇಳಿಜಾರಿಗೆ ಅಡ್ಡವಾಗಿ ಕೂತು ನೀರನ್ನು ಕಟ್ಟೆ ಕಟ್ಟಿ ಹಿಡಿದಿವೆ, ಇಲ್ಲವೇ ಎಲೆ, ಮಣ್ಣು ತುಂಬಿಕೊಂಡಿದೆ. ಅಲುಗಾಡುವ ಹಲಗೆಗಳನ್ನು ಹೇಗೂ ಬಿಚ್ಚಬೇಕು, ಬಿಚ್ಚಿದಾಗ ಟಾರ್ಚ್ ಹಿಡಿದು ಅಡಿಯನ್ನು ಪೂರ್ತಿ ನೋಡಿ. ನೀರು ನಿಂತಿದ್ದರೆ ಮರ ಕೊಳೆಯುವುದಷ್ಟೇ ಅಲ್ಲ, ಡೆಂಗಿ ಸೊಳ್ಳೆಗೂ ಅದೇ ಜಾಗ. ಅಡ್ಡ ಕೂತ ರೀಪರ್‌ಗಳನ್ನು 10 ಮಿಮೀ ದಪ್ಪದ ರಬ್ಬರ್ ತುಂಡುಗಳ ಮೇಲೆ ಎತ್ತಿ ಕೂರಿಸಿದರೆ ಅಡಿಯಲ್ಲಿ ನೀರು ಹರಿಯುತ್ತದೆ. ರೀಪರನ್ನು ತಾರಸಿಗೆ ಕೊರೆದು ಬೋಲ್ಟ್ ಮಾಡಲು ಹೋಗಬೇಡಿ. ಒಂದೊಂದು ತೂತೂ ವಾಟರ್‌ಪ್ರೂಫಿಂಗ್ ಒಡೆದು ಕೆಳಗಿನ ಕೋಣೆಯ ಸೂರಿಗೆ ನೀರಿಳಿಸುತ್ತದೆ.

ರೀಪರ್ ಮರದ್ದಾದರೆ ಸ್ಕ್ರೂಡ್ರೈವರ್ ತುದಿಯಿಂದ ಒಂದೊಂದನ್ನೂ ಅಡಿಗೊಮ್ಮೆ ಚುಚ್ಚಿ ನೋಡಿ. 5 ಮಿಮೀಗಿಂತ ಹೆಚ್ಚು ಸಲೀಸಾಗಿ ಇಳಿದರೆ ಆ ಭಾಗ ಕೊಳೆತಿದೆ, ಬದಲಿಸಬೇಕು. ಮೂರರಲ್ಲೊಂದು ಪಾಲು ರೀಪರ್ ಹೀಗಿದ್ದರೆ ಮೇಲಿನ ಹಲಗೆಗೆ ಎಣ್ಣೆ ಹಾಕಿ ಪ್ರಯೋಜನವಿಲ್ಲ. ಬಡಗಿಯನ್ನು ಕರೆಸಿ ಪೂರ್ತಿ ಬಿಚ್ಚಿಸಿ ಹೊಸದಾಗಿ ಕಟ್ಟಿಸುವುದೇ ಸರಿ. ಕಬ್ಬಿಣದ ಬಾಕ್ಸ್ ಪೈಪ್ ಆಗಿದ್ದರೆ ತುಕ್ಕು ಕೆರೆದು ಪ್ರೈಮರ್, ಮೇಲೆ ಎನಾಮೆಲ್ ಹಚ್ಚಿ. ಕರಾವಳಿಯಲ್ಲಿ ದೋಣಿಗೂ ಹೆಂಚಿನ ಮಾಡಿನ ಪಕಾಸಿಗೂ ಹಚ್ಚುವ ಗೇರು ಎಣ್ಣೆಯನ್ನು ಮರದ ರೀಪರ್‌ಗೆ ಹಚ್ಚಬಹುದು. ಹುಳುವಿಗೆ, ನೀರಿಗೆ ಒಳ್ಳೆಯ ತಡೆ ಅದು. ಕಪ್ಪಗಿರುತ್ತದೆ, ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ, ಆದ್ದರಿಂದ ರಬ್ಬರ್ ಗ್ಲೌಸ್ ಹಾಕಿಕೊಂಡು ಕೆಳಭಾಗಕ್ಕೆ ಮಾತ್ರ.

ಕೆಲಸ ಯಾವಾಗ? ಸಂಕ್ರಾಂತಿ ಕಳೆದ ಮೇಲೆ ಶುರು ಮಾಡಿ ಯುಗಾದಿಯೊಳಗೆ ಮುಗಿಸಿ. ಜನವರಿ, ಫೆಬ್ರವರಿ ಈ ಊರಿಗೆ ಅತಿ ಕಡಿಮೆ ಮಳೆಯ ತಿಂಗಳುಗಳು, ಮಾರ್ಚ್‌ನಲ್ಲೂ ಗಾಳಿ ಒಣಗಿರುತ್ತದೆ. ಏಪ್ರಿಲ್ ಬಂತೆಂದರೆ ಸಂಜೆಯ ಗುಡುಗು ಮಳೆಯನ್ನು ನಂಬಿ ಕೂರುವಂತಿಲ್ಲ. ಎಣ್ಣೆ ಹಚ್ಚುವ ಹೊತ್ತಿಗೆ ಮರದ ತೇವ ನೂರಕ್ಕೆ 15ಕ್ಕಿಂತ ಕೆಳಗಿರಬೇಕು. ಆಗಸ್ಟ್-ಸೆಪ್ಟೆಂಬರಿನಲ್ಲಿ ಮೂರು ದಿನ ಬಿಸಿಲು ಕಂಡಿತೆಂದು ಹಚ್ಚಿದವರ ಎಣ್ಣೆ ಮರದೊಳಗೆ ಹೋಗದೆ ಮೇಲೆಯೇ ಅಂಟಾಗಿ ಕೂರುತ್ತದೆ. ಎರಡು ಮೊನೆಯ ತೇವಮಾಪಕ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದಿಲ್ಲದಿದ್ದರೆ ಒಂದಡಿ ಚೌಕದ ಪಾಲಿಥಿನ್ ಹಾಳೆಯನ್ನು ನಾಲ್ಕೂ ಬದಿಗೆ ಟೇಪ್ ಹಾಕಿ ಹಲಗೆಗೆ ಅಂಟಿಸಿ ಒಂದು ಹಗಲು ಬಿಸಿಲಿಗೆ ಬಿಡಿ. ಒಳಗೆ ಹನಿ ಕಟ್ಟಿದರೆ ಇನ್ನೂ ಕಾಯಬೇಕು.

ಸಾಮಾನು ಇಷ್ಟು ಬೇಕು. ಮರ ಉಜ್ಜುವ ಯಂತ್ರ, 5 ಇಂಚಿನ ಆರ್ಬಿಟಲ್ ಸ್ಯಾಂಡರ್, ಒಂದು. ಎಸ್‌ಪಿ ರೋಡ್, ಎಸ್‌ಜೆಪಿ ರೋಡ್ ಕಡೆ ಸಿಗುತ್ತದೆ, ಬಾಡಿಗೆಗೆ ಸಿಕ್ಕರೆ ಇನ್ನೂ ಒಳ್ಳೆಯದು. ಅದಕ್ಕೆ 40 ನಂಬರಿನ ಡಿಸ್ಕ್ 15, 60ರದ್ದು 20, 80ರದ್ದು 15. ಮೂಲೆಗಳಿಗೆ ಕೈಯಲ್ಲಿ ಉಜ್ಜಲು ಉಪ್ಪುಕಾಗದ ನಾಲ್ಕೈದು ಹಾಳೆ. ಕಾರ್ಬೈಡ್ ಅಲಗಿನ ಸ್ಕ್ರೇಪರ್. ಗಟ್ಟಿ ನೈಲಾನ್ ಬ್ರಷ್. ಮರ ತೊಳೆಯಲು ಸೋಡಿಯಂ ಪರ್‌ಕಾರ್ಬೊನೇಟ್ ಒಂದು ಕೆಜಿ, ಕಪ್ಪು ಕಲೆಗೆ ಆಕ್ಸಾಲಿಕ್ ಆಸಿಡ್ ಒಂದು ಕೆಜಿ. ಎರಡನೆಯದು ಮೊಸಾಯಿಕ್, ಮಾರ್ಬಲ್ ನೆಲ ಪಾಲಿಶ್ ಮಾಡುವವರು ಬಳಸುವ ಬಿಳಿ ಪುಡಿಯೇ. ಬಣ್ಣ ಬೆರೆತ, ಹೊರಾಂಗಣಕ್ಕೆಂದೇ ಮಾಡಿದ ಡೆಕ್ ಆಯಿಲ್ ಮೂರೂವರೆಯಿಂದ ನಾಲ್ಕು ಲೀಟರ್. ಲೆಕ್ಕ ಹೀಗೆ: 150 ಚದರಡಿ ಎಂದರೆ 14 ಚದರ ಮೀಟರ್. ಬಾಯಾರಿದ ಹಳೇ ಮರ ಮೊದಲ ಕೋಟಿಗೆ ಲೀಟರಿಗೆ 7ರಿಂದ 8 ಚದರ ಮೀಟರ್ ಮಾತ್ರ ಹಿಡಿಯುತ್ತದೆ, ಅಲ್ಲಿಗೆ ಎರಡು ಲೀಟರ್. ಎರಡನೇ ಕೋಟಿಗೆ ಅದರ ಅರ್ಧ. ತುದಿ, ಅಂಚುಗಳಿಗೆ ಇನ್ನರ್ಧ ಲೀಟರ್. ಡಬ್ಬಿಯ ಮೇಲೆ ಬರೆದಿರುವ ಲೆಕ್ಕ ಹೊಸ, ನಯವಾದ ಮರದ್ದು, ಅದನ್ನು ನಂಬಿ ಕಡಿಮೆ ತಂದರೆ ನಡುವೆ ಎಣ್ಣೆ ಮುಗಿದು ಬಣ್ಣದಲ್ಲಿ ಗೆರೆ ಬೀಳುತ್ತದೆ.

ಸ್ಕ್ರೂ ವಿಷಯದಲ್ಲಿ ಜಿಪುಣತನ ಮಾಡಬೇಡಿ. ನಿಮ್ಮ ಕಪ್ಪು ಕಲೆಗಳಿಗೆ ಕಾರಣ ಅವೇ. ಮರದೊಳಗಿನ ಒಗರು ಅಂಶವಾದ ಟ್ಯಾನಿನ್, ಕಬ್ಬಿಣ, ನೀರು ಮೂರೂ ಸೇರಿದರೆ ಶಾಯಿಯಂಥ ಕಪ್ಪು ಹುಟ್ಟುತ್ತದೆ. ಕಲೆ ತೆಗೆದು ಅದೇ ಸ್ಕ್ರೂ ಉಳಿಸಿಕೊಂಡರೆ ಮುಂದಿನ ಮಳೆಗೆ ಮತ್ತೆ ಬಂದೇ ಬರುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ತನ್ನಿ, ಪೆಟ್ಟಿಗೆಯ ಮೇಲೆ ಎ2 ಎಂಬ ಗುರುತು ಇರುತ್ತದೆ. ಅಯಸ್ಕಾಂತ ಗಟ್ಟಿಯಾಗಿ ಹಿಡಿದರೆ ಅದು 304 ಅಲ್ಲ. ಆದರೆ ಹಿಡಿಯಲಿಲ್ಲ ಎಂದ ಮಾತ್ರಕ್ಕೆ 304 ಎಂದೂ ಅಲ್ಲ, ಅಗ್ಗದ 202 ಕೂಡ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಒಂದಿಂಚಿನ ಹಲಗೆಗೆ ಎರಡೂವರೆ ಇಂಚು ಉದ್ದ, 10 ನಂಬರ್. ನಿಮ್ಮ ಡೆಕ್‌ನಲ್ಲಿ ಹಲಗೆಗಳು ಉದ್ದಕ್ಕೆ ಹೋಗಿದ್ದು, ನಡುವೆ 5 ಮಿಮೀ ಸಂದು, ರೀಪರ್‌ಗಳು ಒಂದೂವರೆ ಅಡಿಗೊಂದರಂತೆ ಇದ್ದರೆ 29 ಹಲಗೆ, 11 ರೀಪರ್, ಕೂಡುವ ಕಡೆ ಎರಡೆರಡು ಸ್ಕ್ರೂ: 638. ಮುರಿಯುವುದಕ್ಕೂ ಸೇರಿಸಿ 700 ತನ್ನಿ. ಅಡಿಯಲ್ಲಿರುವುದು ಕಬ್ಬಿಣದ ಬಾಕ್ಸ್ ಪೈಪ್ ಆದರೆ 304 ಸ್ಕ್ರೂ ತಾನಾಗಿ ಕಬ್ಬಿಣ ಕೊರೆಯಲಾರದು, ಡ್ರಿಲ್‌ನಿಂದ ತೂತು ಮಾಡಿಕೊಂಡೇ ಹಾಕಬೇಕು.

ತೊಳೆಯುವ ಮುನ್ನ ಒಂದು ಕೆಲಸ ಮರೆಯಬೇಡಿ. ಟೆರೇಸ್ ನೀರು ನಿಮ್ಮ ಮಳೆನೀರು ಕೊಯ್ಲಿನ ಸಂಪಿಗೆ ಹೋಗುತ್ತಿದ್ದರೆ ಆ ದಾರಿ ಮುಚ್ಚಿ, ಮೊದಲ ಮಳೆಯನ್ನು ಹೊರಬಿಡುವ ವಾಲ್ವ್ ತೆರೆದಿಡಿ. ಆಕ್ಸಾಲಿಕ್ ಆಸಿಡ್ ವಿಷ, ಕುಡಿಯುವ ನೀರಿನ ಸಂಪಿಗೆ ಒಂದು ಚೊಂಬೂ ಹೋಗಕೂಡದು. ಕುಂಡಗಳನ್ನು, ತುಳಸಿಯನ್ನು ದೂರ ಸರಿಸಿ. ಕಡಪ ಕಲ್ಲು, ಮಾರ್ಬಲ್ ಪಕ್ಕದಲ್ಲಿದ್ದರೆ ಮೊದಲೇ ನೀರು ಸುರಿದು ನೆನೆಸಿಡಿ, ಆಸಿಡ್ ಅವುಗಳ ಹೊಳಪನ್ನು ತಿನ್ನುತ್ತದೆ.

ಮೊದಲ ದಿನ ಡೆಕ್ ಗುಡಿಸಿ, ಹಲಗೆಗಳ ಸಂದಿಯಲ್ಲಿ ಸಿಕ್ಕಿಕೊಂಡ ಕಸವನ್ನು ತೆಳು ಪಟ್ಟಿಯಿಂದ ಕೆದಕಿ ತೆಗೆಯಿರಿ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಲೀಟರಿಗೆ 80 ಗ್ರಾಂನಂತೆ ಪರ್‌ಕಾರ್ಬೊನೇಟ್ ಅನ್ನು ಬಿಸಿನೀರಿಗೆ ಹಾಕಿ. 10 ಲೀಟರ್ ಸಾಕು. ಕರಗಿದ ಕೂಡಲೇ ಬಳಸಬೇಕು, ಮುಚ್ಚಳ ಬಿಗಿದು ಇಟ್ಟರೆ ಗಾಳಿ ತುಂಬಿ ಸಿಡಿಯುತ್ತದೆ. ಹಲಗೆ ನೆನೆಸಿ, ದ್ರಾವಣ ಸುರಿದು, 15 ನಿಮಿಷ ಒಣಗಲು ಬಿಡದೆ ಒದ್ದೆಯಾಗಿಟ್ಟು, ನೈಲಾನ್ ಬ್ರಷ್‌ನಿಂದ ಎಳೆಯ ಉದ್ದಕ್ಕೇ ಉಜ್ಜಿ ತೊಳೆಯಿರಿ. ಪಾಚಿ, ಬೂಷ್ಟು, ಧೂಳು ಹೋಗಿ ಮರ ಒಂಚೂರು ಕಪ್ಪಾಗಿ ಕಾಣುತ್ತದೆ. ಗಾಬರಿಯಾಗಬೇಡಿ, ಕ್ಷಾರದ ಗುಣ ಅದು, ಮುಂದೆ ಆಸಿಡ್ ಹಾಕಿದಾಗ ಸರಿಹೋಗುತ್ತದೆ. ಬಚ್ಚಲಿಗೆ ಹಾಕುವ ಬ್ಲೀಚಿಂಗ್ ಪುಡಿ ಬೇಡ, ಅದು ನಾರನ್ನೇ ತಿಂದು ಮರವನ್ನು ಪುಕ್ಕು ಪುಕ್ಕಾಗಿಸುತ್ತದೆ. ಕಬ್ಬಿಣದ ತಂತಿ ಬ್ರಷ್, ಸ್ಟೀಲ್ ವೂಲ್ ಕೂಡ ಬೇಡ. ಅದರ ಚೂರುಗಳು ಮರದಲ್ಲಿ ಉಳಿದು ಮೊದಲ ಮಳೆಗೆ ನೂರಾರು ಕಪ್ಪು ಚುಕ್ಕಿಯಾಗುತ್ತವೆ. ಕಾರು ತೊಳೆಯುವ ಪ್ರೆಷರ್ ವಾಷರ್ ಇದ್ದರೆ ಬೀಸಣಿಗೆ ನಳಿಗೆ ಹಾಕಿ, ಒಂದಡಿ ದೂರ ಹಿಡಿದು ಮಾತ್ರ ಬಳಸಿ. ಹತ್ತಿರ ಹಿಡಿದರೆ ಮೆದು ಭಾಗ ಕೊರೆದು ಹಲಗೆಯಲ್ಲಿ ಗೀರು ಬೀಳುತ್ತದೆ.

ಎರಡು ದಿನ ಒಣಗಿದ ಮೇಲೆ ಸ್ಕ್ರೂ ಕೆಲಸ. ಉಜ್ಜುವುದಕ್ಕೆ ಮೊದಲೇ ಇದು ಆಗಬೇಕು. ಹಳೇ ಸ್ಕ್ರೂ ತಲೆ ಮೇಲೆ ಸ್ಯಾಂಡರ್ ಹೋದರೆ ಡಿಸ್ಕ್ ಹರಿಯುವುದಲ್ಲದೆ ಕಬ್ಬಿಣದ ಪುಡಿ ಇಡೀ ಮರಕ್ಕೆ ಹರಡುತ್ತದೆ. ಒಂದೊಂದೇ ಹಲಗೆ ಬಿಚ್ಚಿ. ಹಳೇ ತೂತು ಸಡಿಲವಾಗಿದ್ದರೆ ರೀಪರ್ ಮೇಲೆ ಅರ್ಧ ಇಂಚು ಸರಿಸಿ 3.5 ಮಿಮೀ ಬಿಟ್‌ನಿಂದ ಹೊಸ ತೂತು ಕೊರೆದು, ಬಾಯಿ ಅಗಲಿಸಿ, ತಲೆ ಹಲಗೆಗಿಂತ 2 ಮಿಮೀ ಒಳಗೆ ಕೂರುವಂತೆ ಬಿಗಿಯಿರಿ. ಹಲಗೆಯ ತುದಿಯಿಂದ ಒಂದಿಂಚಿನೊಳಗೆ ಸ್ಕ್ರೂ ಹಾಕಿದರೆ ಸೀಳುತ್ತದೆ. ಸಂದು ಎಲ್ಲ ಕಡೆ ಸಮನಾಗಿರಲು 5 ಮಿಮೀ ದಪ್ಪದ ಎರಡು ಚಕ್ಕೆಗಳನ್ನು ನಡುವೆ ಇಟ್ಟುಕೊಂಡು ಬಿಗಿಯಿರಿ. ಹಳೇ ಹಲಗೆಯನ್ನು ಮಗುಚಿ ಹಾಕುವ ಉಪಾಯವೂ ಇದೆ. ಅಡಿಯ ಮುಖ ಬಿಸಿಲು ಕಾಣದೆ ಗಟ್ಟಿಯಾಗಿ ಉಳಿದಿರುತ್ತದೆ, ದೋಣಿಯಂತೆ ಬಾಗಿದ ಹಲಗೆ ಮಗುಚಿದರೆ ನಿಧಾನಕ್ಕೆ ನೇರವಾಗುವುದೂ ಉಂಟು. ಮೇಲ್ಮುಖದಲ್ಲಿ ಉದ್ದುದ್ದ ಗೆರೆ ಕೊರೆದಿರುವ ಹಲಗೆಗಳಿಗೆ ಇದೇ ಸಲೀಸು, ಗೆರೆಗಳೊಳಗಿನ ವಾರ್ನಿಷ್ ತೆಗೆಯಲು ಸ್ಯಾಂಡರ್ ಕೈಯಲ್ಲಿ ಆಗುವುದಿಲ್ಲ.

ಉಜ್ಜುವ ದಿನ ಶ್ರಮದ ದಿನ. ಮೊದಲು ಸ್ಕ್ರೇಪರ್‌ನಿಂದ ಎಳೆಯ ಉದ್ದಕ್ಕೆ ಎಳೆದು ವಾರ್ನಿಷ್ ಬಿಡಿಸಿ. ನೇರವಾಗಿ ಸ್ಯಾಂಡರ್ ಇಟ್ಟರೆ ವಾರ್ನಿಷ್ ಬಿಸಿಗೆ ಕರಗಿ ಡಿಸ್ಕ್‌ಗೆ ಅಂಟಿ, ಐದು ನಿಮಿಷಕ್ಕೊಂದು ಡಿಸ್ಕ್ ಹಾಳಾಗುತ್ತದೆ. ಬೆಳಗಿನ ತಂಪಿನಲ್ಲಿ ವಾರ್ನಿಷ್ ಪೆಡಸಾಗಿದ್ದು ಚೆನ್ನಾಗಿ ಬಿಡುತ್ತದೆ. ಉಳಿದದ್ದಕ್ಕೆ 40 ನಂಬರ್, ಆಮೇಲೆ ಇಡೀ ಡೆಕ್‌ಗೆ 60. ಸ್ಯಾಂಡರನ್ನು ಅದರ ಭಾರಕ್ಕೇ ಬಿಟ್ಟು ನಿಧಾನವಾಗಿ ಸರಿಸಿ, ಒತ್ತಿದರೆ ಸುರುಳಿ ಸುರುಳಿ ಗೀರು ಬಿದ್ದು ಎಣ್ಣೆ ಹಚ್ಚಿದ ಮೇಲೆ ಎದ್ದು ಕಾಣುತ್ತದೆ. ಹಳೇ ವಾರ್ನಿಷ್ ಒಂದು ರೂಪಾಯಿ ನಾಣ್ಯದಷ್ಟು ಉಳಿದರೂ ಅಲ್ಲಿ ಎಣ್ಣೆ ಇಳಿಯುವುದಿಲ್ಲ, ಮಾಸಲು ಕಲೆಯಾಗಿ ಉಳಿಯುತ್ತದೆ. ಉಳಿದಿದೆಯೋ ಇಲ್ಲವೋ ನೋಡಲು ಒದ್ದೆ ಬಟ್ಟೆ ಎಳೆಯಿರಿ: ಮರ ಕಪ್ಪಾಗುತ್ತದೆ, ವಾರ್ನಿಷ್ ಇದ್ದ ಕಡೆ ಆಗುವುದಿಲ್ಲ.

ಎನ್95 ಮಾಸ್ಕ್, ಕನ್ನಡಕ, ತುಂಬುತೋಳಿನ ಅಂಗಿ ಇಲ್ಲದೆ ಸ್ಯಾಂಡರ್ ಮುಟ್ಟಬೇಡಿ. ಸಾಗುವಾನಿಯ ಧೂಳು ಹಲವರಿಗೆ ಚರ್ಮದ ತುರಿಕೆ, ಉಬ್ಬಸ ತರುತ್ತದೆ. ಡೆಕ್‌ಗೆ ಎಂದಾದರೂ ಎನಾಮೆಲ್ ಬಣ್ಣ ಹೊಡೆಸಿದ್ದರೆ ಇನ್ನೂ ಎಚ್ಚರ ಬೇಕು. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸಕೂಡದು, ಒದ್ದೆ ಮಾಡಿಕೊಂಡು ಕೆರೆಯಬೇಕು, ಮಕ್ಕಳನ್ನು ಅತ್ತ ಬಿಡಬಾರದು. ಪಕ್ಕದ ಮನೆಯವರಿಗೆ ಹಿಂದಿನ ದಿನವೇ ಒಂದು ಮಾತು ಹೇಳಿ, ಒಣಹಾಕಿದ ಬಟ್ಟೆ ತೆಗೆದುಕೊಳ್ಳುತ್ತಾರೆ.

ಈಗ ಕಪ್ಪು ಕಲೆಗಳಿಗೆ ಆಕ್ಸಾಲಿಕ್ ಆಸಿಡ್. ಧೂಳು ಪೂರ್ತಿ ಗುಡಿಸಿ, ಲೀಟರ್ ಬಿಸಿನೀರಿಗೆ 80 ಗ್ರಾಂನಂತೆ 7 ಲೀಟರ್ ದ್ರಾವಣ ಪ್ಲಾಸ್ಟಿಕ್ ಬಕೆಟ್‌ನಲ್ಲೇ ಮಾಡಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಕಲೆಗಳ ಮೇಲೆ ಮಾತ್ರ ಹಚ್ಚಿದರೆ ಅಲ್ಲಲ್ಲಿ ಬಿಳಿ ಮಚ್ಚೆ ಉಳಿಯುತ್ತದೆ, ಆದ್ದರಿಂದ ಇಡೀ ಹಲಗೆಗೆ ಸಮನಾಗಿ ಹಚ್ಚಿ. 20 ನಿಮಿಷದಲ್ಲಿ ಕಪ್ಪು ಕಣ್ಣೆದುರೇ ಮಾಸುತ್ತದೆ. ಹೋಗದ ಕಡೆ ಎರಡನೇ ಸಲ ಹಚ್ಚಿ. ಎರಡು ಸಲಕ್ಕೂ ಹೋಗದ ಕಪ್ಪು ಕಬ್ಬಿಣದ್ದಲ್ಲ, ಆಳಕ್ಕಿಳಿದ ಬೂಷ್ಟು. ಸೋಲಾರ್ ಮೂಲೆಯಲ್ಲಿ ಹೀಗಾಗುವ ಸಂಭವ ಹೆಚ್ಚು. ಅಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ಮೆದುವಾಗಿದ್ದರೆ ಆ ಹಲಗೆಗಳನ್ನು ಬದಲಿಸಿ.

ತೊಳೆಯುವ ನೀರು ಯಾವುದೆಂಬುದು ಇಲ್ಲಿ ದೊಡ್ಡ ವಿಷಯ. ಬೋರ್‌ವೆಲ್ ನೀರಿನ ಸುಣ್ಣದಂಶ ಆಕ್ಸಾಲಿಕ್ ಆಸಿಡ್ ಜೊತೆ ಸೇರಿ ಕರಗದ ಬಿಳಿ ಪುಡಿಯಾಗುತ್ತದೆ. ಅದು ಮರದ ರಂಧ್ರಗಳಲ್ಲಿ ಕೂತು, ಎಣ್ಣೆ ಹಾಕಿದ ಮೇಲೆ ಮಂಜು ಕವಿದಂತೆ ಕಾಣುತ್ತದೆ. ಕಬ್ಬಿಣದಂಶ ಇರುವ ನೀರಾದರೆ ಈಗಷ್ಟೇ ತೆಗೆದ ಕಪ್ಪನ್ನು ಮತ್ತೆ ತಂದಿಡುತ್ತದೆ. ಕಾವೇರಿ ನೀರಿನಲ್ಲೋ, ಹಿಡಿದಿಟ್ಟ ಮಳೆನೀರಿನಲ್ಲೋ ಎರಡು ಸಲ ಧಾರಾಳವಾಗಿ ತೊಳೆಯಿರಿ. ಆಸಿಡ್ ಉಳಿದ ಮರವನ್ನು ಆಮೇಲೆ ಉಜ್ಜಿದರೆ ಆ ಧೂಳು ಮೂಗು, ಗಂಟಲು ಸುಡುತ್ತದೆ.

ಫೆಬ್ರವರಿ ಬಿಸಿಲಿಗೆ ನಾಲ್ಕು ದಿನ ಒಣಗಲು ಬಿಡಿ. ತೊಳೆದಾಗ ಎದ್ದ ನಾರನ್ನು 80 ನಂಬರಿನಲ್ಲಿ ಹಗುರವಾಗಿ ಒಂದು ಸುತ್ತು ತೆಗೆಯಿರಿ, ಅಲ್ಲಿಗೆ ನಿಲ್ಲಿಸಿ. ಇನ್ನೂ ನಯವಾಗಲಿ ಎಂದು 120, 180ಕ್ಕೆ ಹೋದರೆ ರಂಧ್ರ ಮುಚ್ಚಿ ಎಣ್ಣೆ ಒಳಗೆ ಇಳಿಯುವುದಿಲ್ಲ. ಅಲ್ಲಲ್ಲಿ ಒಂದು ಹನಿ ನೀರು ಬಿಟ್ಟು ನೋಡಿ: ಒಂದು ನಿಮಿಷದೊಳಗೆ ಇಂಗಿದರೆ ಮರ ಎಣ್ಣೆಗೆ ಸಿದ್ಧ.

ಎಣ್ಣೆಯ ಆಯ್ಕೆಯಲ್ಲಿ ಎರಡು ತಪ್ಪು ಸಾಮಾನ್ಯ. ಒಂದು, ಬಣ್ಣವಿಲ್ಲದ ಎಣ್ಣೆ. ಬಿಸಿಲನ್ನು ತಡೆಯುವುದು ಅದರೊಳಗಿನ ಬಣ್ಣದ ಪುಡಿಯೇ. ಬಣ್ಣವಿಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಮರ ಮತ್ತೆ ಬೂದಾಗುತ್ತದೆ. ಸಾಗುವಾನಿಯ ಬಣ್ಣಕ್ಕೆ ಹತ್ತಿರದ ತಿಳಿ ಕಂದು ತೆಗೆದುಕೊಳ್ಳಿ. ಇನ್ನೊಂದು, ಅಗ್ಗವೆಂದು ಹಸಿ ಅಗಸೆ ಎಣ್ಣೆ ಹಚ್ಚುವುದು. ಅದು ವಾರಗಟ್ಟಲೆ ಒಣಗದೆ ಧೂಳು ಹಿಡಿಯುತ್ತದೆ, ನಮ್ಮ ಮಳೆಗಾಲದಲ್ಲಿ ಬೂಷ್ಟಿಗೆ ಆಹಾರವಾಗಿ ಕಪ್ಪಾಗುತ್ತದೆ. ಅಂಗಡಿಯವರು ಕೊಡುವ ಡಬಲ್ ಬಾಯಿಲ್ಡ್ ಅಗಸೆ ಎಣ್ಣೆ ಬೇಗ ಒಣಗುತ್ತದೆ ನಿಜ, ಬೂಷ್ಟಿನ ಕಾಟ ಅದರಲ್ಲೂ ತಪ್ಪಿದ್ದಲ್ಲ.

ಹಚ್ಚುವ ಹೊತ್ತು ತಿಂಗಳ ಮೇಲೆ ನಿಂತಿದೆ. ಜನವರಿಯಲ್ಲಿ ಬೆಳಗಿನ ಇಬ್ಬನಿ ಆರಿದ ಮೇಲೆ, ಒಂಬತ್ತೂವರೆಯಿಂದ ಶುರು ಮಾಡಿ. ಸಂಜೆ ಹಚ್ಚಿದರೆ ಒಣಗುವ ಮೊದಲೇ ಇಬ್ಬನಿ ಬಿದ್ದು ಮೇಲ್ಮೈ ಮಾಸಲಾಗುತ್ತದೆ. ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ ಇದಕ್ಕೆ ತದ್ವಿರುದ್ಧ: ಸಂಜೆ ನಾಲ್ಕೂವರೆಯ ಮೇಲೆ, ಹಲಗೆ ಅಂಗೈಗೆ ತಣ್ಣಗೆ ಹತ್ತುವಾಗ. ಕಾದ ಹಲಗೆಯ ಮೇಲೆ ಎಣ್ಣೆ ಇಳಿಯುವ ಮೊದಲೇ ಒಣಗಿ ಬ್ರಷ್ ಗುರುತು ಉಳಿಯುತ್ತದೆ. ಮೊದಲು ಕಾಣದ ಮೂಲೆಯಲ್ಲಿ ಒಂದಡಿ ಹಚ್ಚಿ ಬಣ್ಣ ನೋಡಿಕೊಳ್ಳಿ. ಡಬ್ಬಿಯನ್ನು ತಳದಿಂದ ಕಲಕಿ, ಬಣ್ಣದ ಪುಡಿ ಅಡಿಯಲ್ಲಿ ಕೂತಿರುತ್ತದೆ. ಸಾಗುವಾನಿಯನ್ನು ಥಿನ್ನರ್ ಬಟ್ಟೆಯಿಂದ ಒಮ್ಮೆ ಒರೆಸಿ, ಅದು ಆರಿದ ಕೂಡಲೇ ಹಚ್ಚಲು ಶುರು ಮಾಡಿ. ಎರಡೆರಡು ಹಲಗೆ ಹಿಡಿದು ಈ ತುದಿಯಿಂದ ಆ ತುದಿಗೆ ನಿಲ್ಲಿಸದೆ ಹೋಗಿ. ನಡುವೆ ಕಾಫಿಗೆ ಎದ್ದರೆ ಎದ್ದ ಜಾಗದಲ್ಲಿ ಗೆರೆ ಉಳಿಯುತ್ತದೆ. ಒಬ್ಬರು ಬ್ರಷ್ ಹಿಡಿಯಲಿ, ಇನ್ನೊಬ್ಬರು 15-20 ನಿಮಿಷ ಬಿಟ್ಟು ಬನಿಯನ್ ವೇಸ್ಟ್‌ನಿಂದ ಮೇಲೆ ಉಳಿದ ಎಣ್ಣೆಯನ್ನೆಲ್ಲ ಒರೆಸುತ್ತ ಬರಲಿ. ಒರೆಸುವವರ ಕೆಲಸವೇ ಹೆಚ್ಚು ಮುಖ್ಯ. ಉಳಿದ ಎಣ್ಣೆ ಮರಕ್ಕೆ ಪುಷ್ಟಿ ಎಂದು ಬಿಟ್ಟರೆ ಅದು ಅಂಟಾಗಿ, ಬೆಂಗಳೂರಿನ ಧೂಳೆಲ್ಲ ಅಲ್ಲೇ ಕೂರುತ್ತದೆ. ಹಾಗಾಗಿಬಿಟ್ಟರೆ ಟರ್ಪೆಂಟೈನ್‌ನಲ್ಲಿ ಅದ್ದಿದ ಒರಟು ಬಟ್ಟೆಯಿಂದ ಉಜ್ಜಿ ತೆಗೆಯಬಹುದು. ಹಲಗೆಯ ಕೊಯ್ದ ತುದಿಗಳು ನೀರನ್ನು ಎಲ್ಲಕ್ಕಿಂತ ಬೇಗ ಹೀರುತ್ತವೆ, ಅಲ್ಲಿ ಹೀರುವುದು ನಿಲ್ಲುವವರೆಗೆ ಮೂರು ಸಲ ಹಚ್ಚಿ. ಎರಡನೇ ಕೋಟ್ ಡಬ್ಬಿಯ ಮೇಲೆ ಹೇಳಿದ ಅಂತರ ಬಿಟ್ಟು, ಮೊದಲಿನದಕ್ಕಿಂತ ತೆಳುವಾಗಿ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆಗಳು ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಸೇರಿಕೊಂಡು ಕಿಡಿಯಿಲ್ಲದೆಯೇ ಬೆಂಕಿ ಹತ್ತಿಕೊಳ್ಳುತ್ತದೆ. ಒಂದೊಂದೇ ಬಟ್ಟೆಯನ್ನು ಬಯಲಲ್ಲಿ ಬಿಡಿಸಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿಡಿ. ಮರ ಉಜ್ಜಿದಾಗ ಬಂದ ಪುಡಿ ತುಂಬಿದ ಚೀಲವನ್ನೂ ಆ ಬಟ್ಟೆಗಳ ಹತ್ತಿರ ಇಡಬೇಡಿ.

ಮೂರು ದಿನ ನೀರು ತಾಗಿಸಬೇಡಿ, ಕುರ್ಚಿ ಮೇಜು ಒಂದು ವಾರ ಬಿಟ್ಟು ಇಡಿ. ಕುಂಡಗಳನ್ನು ಎರಡು ವಾರವಾದ ಮೇಲೆ, ಅದೂ ಹಲಗೆಗೆ ನೇರವಾಗಿ ತಾಗದಂತೆ ಕಾಲಿರುವ ಸ್ಟ್ಯಾಂಡ್ ಮೇಲೆ. ನಾರಿನ ಮ್ಯಾಟ್ ಬೇಡವೇ ಬೇಡ, ಅದರಡಿ ಮರ ತಿಂಗಳುಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಯುಗಾದಿಯ ಸುಮಾರಿಗೆ ಹಪ್ಪಳ ಸಂಡಿಗೆ ಒಣಹಾಕುವುದಿದ್ದರೆ ಈ ವರ್ಷ ಡೆಕ್ ಬಿಟ್ಟು ಬೇರೆ ಜಾಗ ನೋಡಿಕೊಳ್ಳಿ.

ಮುಂದಿನ ವರ್ಷದಿಂದ ಕೆಲಸ ಅರ್ಧ ದಿನದ್ದು. ಮಳೆಗಾಲ ಮುಗಿದ ಮೇಲೆ ಒಮ್ಮೆ ಸೋಪಿನ ನೀರಿನಲ್ಲಿ ತೊಳೆದಿಡಿ. ಸಂಕ್ರಾಂತಿ ಆದಮೇಲೆ ನೀರಿನ ಹನಿ ಬಿಟ್ಟು ನೋಡಿ. ಮಣಿಯಂತೆ ನಿಂತರೆ ಇನ್ನೂ ಬೇಕಿಲ್ಲ. ಹರಡಿ ಇಂಗಿದರೆ ತೊಳೆದು, ಒಣಗಿಸಿ, ಒಂದು ತೆಳು ಕೋಟ್ ಹಚ್ಚಿ ಒರೆಸಿ. ಅದಕ್ಕೆ ಒಂದೂಕಾಲು ಲೀಟರ್ ಸಾಕು. ಉಳಿದ ಎಣ್ಣೆಯನ್ನು ಸಣ್ಣ ಡಬ್ಬಿಗೆ ಬಾಯಿವರೆಗೆ ತುಂಬಿಸಿಡಿ. ಅರ್ಧ ಖಾಲಿ ಡಬ್ಬಿಯೊಳಗಿನ ಗಾಳಿಗೆ ಎಣ್ಣೆ ಕೆನೆಗಟ್ಟಿ ಮುಂದಿನ ವರ್ಷಕ್ಕೆ ಉಪಯೋಗಕ್ಕೆ ಬಾರದು.